ಚುನಾವಣೆಯ ಹೊತ್ತಿನಲ್ಲಿ ಗಾಯಾಳು ಕಾರ್ಮಿಕರ ಪ್ರಶ್ನೆ: ಒಂಟಾರಿಯೊದ ಅಭ್ಯರ್ಥಿಗಳನ್ನು ನಾವು ಏನು ಕೇಳಬೇಕು? (2025ರ ಫೆಬ್ರುವರಿಯಲ್ಲಿ, ಮತದಾನಕ್ಕೆ ಮೊದಲು ನಡೆದ ಚರ್ಚೆ)

ಹ್ಯಾಮಿಲ್ಟನ್ ವಾಸಿ

ಇದೇ 2025ರ ಫೆಬ್ರುವರಿ 27ರಂದು ಕೆನಡಾದ ಒಂಟಾರಿಯೊದಲ್ಲಿ ಪ್ರಾಂತೀಯ ಚುನಾವಣೆ ನಡೆಯಲಿದೆ. ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿದ್ದಾಗಲೇ ಘೋಷಿಸಿದ ಚುನಾವಣೆ ಇದು. ಅಮೆರಿಕದ ಸುಂಕದ ಬೆದರಿಕೆಯೇ ಅದಕ್ಕೆ ಕಾರಣವೆಂದು ಹೇಳಲಾಗಿರುವುದರಿಂದ ಟಿ.ವಿ. ಚರ್ಚೆಗಳಿಂದ ಹಿಡಿದು ಮನೆಬಾಗಿಲಿಗೆ ಬರುವ ಕರಪತ್ರಗಳವರೆಗೆ ಎಲ್ಲವೂ ಆ ಒಂದೇ ವಿಷಯವನ್ನು ಹೇಳುತ್ತಿವೆ. ಕೆಲಸದ ಸ್ಥಳದಲ್ಲಿ ಗಾಯಗೊಂಡು ಮತ್ತೆ ಆ ಕೆಲಸಕ್ಕೆ ಮರಳಲಾಗದವರ ಪರಿಹಾರದ ವಿಷಯವನ್ನು ನಾವಾಗಿಯೇ ಕೇಳದಿದ್ದರೆ ಯಾವ ಅಭ್ಯರ್ಥಿಯೂ ತಾನಾಗಿ ಎತ್ತುವುದಿಲ್ಲ. ಆದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಹಿನ್ನೆಲೆ ತಿಳಿಯದವರಿಗಾಗಿ ನಾಲ್ಕು ಮಾತು. ಇಲ್ಲಿ ಪರಿಹಾರವನ್ನು ಕೊಡುವ ಸಂಸ್ಥೆ ಕೆಲಸದ ಸ್ಥಳದ ಸುರಕ್ಷತೆ ಮತ್ತು ವಿಮೆಯನ್ನು ನೋಡಿಕೊಳ್ಳುವ ಡಬ್ಲ್ಯೂಎಸ್‌ಐಬಿ ಮಂಡಳಿ. ಅದರ ಹಣ ಸರ್ಕಾರದ ತೆರಿಗೆಯಿಂದ ಬರುವುದಲ್ಲ, ಮಾಲೀಕರು ಸಂಬಳದ ಮೊತ್ತಕ್ಕೆ ತಕ್ಕಂತೆ ಕಟ್ಟುವ ಪ್ರೀಮಿಯಂನಿಂದ ಬರುತ್ತದೆ. ಗಾಯದಿಂದಾಗಿ ಗಳಿಕೆ ನಿಂತಾಗ, ಕೈಗೆ ಬರುತ್ತಿದ್ದ ನಿವ್ವಳ ಸಂಬಳದ ಶೇ. 85ರಷ್ಟನ್ನು ಮಂಡಳಿ ಕೊಡುತ್ತದೆ. 1998ಕ್ಕೆ ಮೊದಲು ಇದು ಶೇ. 90 ಇತ್ತು. 2022ರ ಚುನಾವಣೆಯಲ್ಲಿ ಡಗ್ ಫೋರ್ಡ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷವು ಇದನ್ನು ಮತ್ತೆ ಶೇ. 90ಕ್ಕೆ ಏರಿಸುವುದಾಗಿ ಮಾತು ಕೊಟ್ಟಿತು. ಗೆದ್ದಿತು. ಶೇ. 85 ಹಾಗೆಯೇ ಉಳಿದಿದೆ.

ಕೊಟ್ಟ ಮಾತು ಏನಾಯಿತು ಎಂದು ಕೇಳಲೇಬೇಕು. ಆದರೆ ಅಲ್ಲಿಗೇ ನಿಂತರೆ ತಪ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂಟಾರಿಯೊದ ಗಾಯಾಳು ಕಾರ್ಮಿಕರ ಸಂಘಗಳ ಒಕ್ಕೂಟವು 2017ರಲ್ಲಿ, ಅಂದರೆ ಮರುವರ್ಷದ ಚುನಾವಣೆಯನ್ನು ಮುಂದಿಟ್ಟುಕೊಂಡೇ, ಕಾರ್ಮಿಕ ಪರಿಹಾರವು ಹಕ್ಕು ಎಂಬ ಅಭಿಯಾನವನ್ನು ಶುರು ಮಾಡಿದಾಗ ಮುಂದಿಟ್ಟ ಬೇಡಿಕೆಗಳು ಮೂರು. ಇಲ್ಲದ ಕೆಲಸವನ್ನು ಇದೆಯೆಂದು ಎಣಿಸಿ ಪರಿಹಾರವನ್ನು ಕಡಿತ ಮಾಡಬಾರದು. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮಾತನ್ನು ಮಂಡಳಿ ಕೇಳಬೇಕು. ಮೊದಲಿನಿಂದ ಇದ್ದ ದೇಹಸ್ಥಿತಿಯ ನೆಪ ಹೂಡಿ ಪರಿಹಾರವನ್ನು ಮೊಟಕುಗೊಳಿಸಬಾರದು. ಶೇಕಡಾವಾರು ಈ ಮೂರರಲ್ಲಿ ಇಲ್ಲವೇ ಇಲ್ಲ. ನಾವು ಅಭ್ಯರ್ಥಿಗಳಿಗೆ ಒಂದೇ ಪ್ರಶ್ನೆ ಕೇಳುವ ಅವಕಾಶವಿದ್ದರೆ ಮೊದಲನೆಯ ಬೇಡಿಕೆಯನ್ನೇ ಕೇಳಬೇಕು, ಅಂದರೆ ಡೀಮಿಂಗ್ ಎಂದು ಇಲ್ಲಿ ಎಲ್ಲರೂ ಕರೆಯುವ ಆ ಪದ್ಧತಿಯನ್ನು. ಉಳಿದವರ ಅಭಿಪ್ರಾಯವೇನು?

ಲೆಕ್ಕದ ಪುಸ್ತಕ

ಹ್ಯಾಮಿಲ್ಟನ್ ವಾಸಿಗಳು ಹೇಳಿದ್ದು ಎಷ್ಟು ಸರಿ ಎಂಬುದು ಅಂಕಿಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ತೆರಿಗೆ ಮತ್ತಿತರ ಕಡಿತಗಳನ್ನು ಸರಳತೆಗಾಗಿ ಬದಿಗಿಡುತ್ತೇನೆ. ನಿಜವಾದ ಲೆಕ್ಕ ನಿವ್ವಳ ಸಂಬಳದ ಮೇಲೆ ನಡೆಯುತ್ತದೆ.

ಗಂಟೆಗೆ 30 ಡಾಲರ್‌ನಂತೆ ವಾರಕ್ಕೆ 40 ಗಂಟೆ ದುಡಿಯುತ್ತಿದ್ದ ಒಬ್ಬ ವೆಲ್ಡರ್ ಇದ್ದಾರೆಂದು ಇಟ್ಟುಕೊಳ್ಳಿ. ವಾರದ ಗಳಿಕೆ 1,200 ಡಾಲರ್. ಬೆನ್ನಿಗೆ ಪೆಟ್ಟಾಗಿ ಕೆಲಸ ನಿಂತರೆ ಶೇ. 85ರ ಪ್ರಕಾರ 1,020 ಡಾಲರ್ ಬರಬೇಕು. ಕೆಲವು ಕಾಲದ ನಂತರ ಮಂಡಳಿಯು, ಇವರು ವೆಲ್ಡಿಂಗ್ ಮಾಡಲಾರರು, ಆದರೆ ಕುಳಿತು ಮಾಡುವ ಯಾವುದೋ ಕೆಲಸವನ್ನು ಕನಿಷ್ಠ ವೇತನಕ್ಕೆ ಮಾಡಬಲ್ಲರು ಎಂದು ತೀರ್ಮಾನಿಸುತ್ತದೆ. ಅಂತಹ ಕೆಲಸ ಅವರಿಗೆ ಸಿಕ್ಕಿದೆಯೇ ಎಂಬುದು ಈ ತೀರ್ಮಾನಕ್ಕೆ ಅಡ್ಡಿಯಲ್ಲ. 2025ರ ಆರಂಭದಲ್ಲಿ ಕನಿಷ್ಠ ವೇತನ ಗಂಟೆಗೆ 17.20 ಡಾಲರ್, ವಾರಕ್ಕೆ 688. ಆ 688 ಡಾಲರ್ ಅವರ ಕೈಗೆ ಬಾರದಿದ್ದರೂ ಬಂದಿತೆಂದೇ ಭಾವಿಸಿ, ಉಳಿದ 512ರ ಶೇ. 85, ಅಂದರೆ 435.20 ಡಾಲರ್ ಮಾತ್ರ ಕೊಡಲಾಗುತ್ತದೆ. ವಾರಕ್ಕೆ 1,020 ಇದ್ದದ್ದು 435ಕ್ಕೆ ಇಳಿಯಿತು, ಮನೆಗೆ ಬೇರೆ ಒಂದು ಡಾಲರೂ ಬರುತ್ತಿಲ್ಲ.

ಈಗ 2022ರ ಭರವಸೆಯನ್ನು ಇದೇ ವ್ಯಕ್ತಿಗೆ ಅನ್ವಯಿಸಿ ನೋಡಿ. 512ರ ಶೇ. 90 ಎಂದರೆ 460.80. ಹೆಚ್ಚಾದದ್ದು ವಾರಕ್ಕೆ 25.60 ಡಾಲರ್. ಭರವಸೆ ನಾಳೆಯೇ ಜಾರಿಯಾದರೂ, ಅತಿ ಹೆಚ್ಚು ಕಷ್ಟದಲ್ಲಿರುವ, ದೀರ್ಘಕಾಲದ ಗಾಯಾಳುವಿಗೆ ದಕ್ಕುವುದು ಇಷ್ಟು. ಗಾಯವಾಗಿ ಕೆಲವು ವಾರಗಳಲ್ಲಿ ಕೆಲಸಕ್ಕೆ ಮರಳುವವರಿಗೆ ಆ ಶೇ. 5ರಿಂದ ಒಳ್ಳೆಯದಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾರ ಹೆಸರಿನಲ್ಲಿ ಈ ಹೋರಾಟ ನಡೆಯುತ್ತಿದೆಯೋ ಅವರಿಗೆ ಅದರಿಂದ ಆಗುವುದು ಕಡಿಮೆ.

ಇನ್ನೊಂದು ಅಂಶವನ್ನೂ ಇಲ್ಲಿ ಸೇರಿಸಬೇಕು. ಗಾಯವಾಗಿ 72 ತಿಂಗಳು ಕಳೆದ ಮೇಲೆ ಈ ಲೆಕ್ಕವನ್ನು ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಆಗ ಇದ್ದದ್ದೇ 65 ವರ್ಷದವರೆಗೆ ಮುಂದುವರಿಯುತ್ತದೆ. 40ನೆಯ ವಯಸ್ಸಿನಲ್ಲಿ ಗಾಯಗೊಂಡವರ ಮೇಲೆ ಎಣಿಕೆಯ ಕೆಲಸವೊಂದನ್ನು ಹೊರಿಸಿದರೆ ಅದರ ಭಾರ ಎಷ್ಟು ವರ್ಷ ಇರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಸಣ್ಣ ಗುತ್ತಿಗೆದಾರ

ನಾನು ಈ ಚರ್ಚೆಯಲ್ಲಿ ಒಬ್ಬಂಟಿಯಾಗುತ್ತೇನೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಕಟ್ಟಡ ಕೆಲಸದಲ್ಲಿ ನಮ್ಮಂಥ ಸಣ್ಣವರಿಗೂ ಈ ವಿಮೆ ಕಡ್ಡಾಯ. 2013ರ ಜನವರಿಯಿಂದ ಒಬ್ಬನೇ ದುಡಿಯುವ ಗುತ್ತಿಗೆದಾರನೂ ತನ್ನ ಪ್ರೀಮಿಯಂ ತಾನೇ ಕಟ್ಟಬೇಕು. ನಮ್ಮ ದರ ಕಚೇರಿ ಕೆಲಸದ ದರಕ್ಕಿಂತ ಬಹಳ ಹೆಚ್ಚು. ನೀವು ಕೇಳುವುದೆಲ್ಲ ನ್ಯಾಯವೇ ಇರಬಹುದು, ಆದರೆ ಅದರ ಬೆಲೆಯನ್ನು ಯಾರೋ ತೆರಬೇಕು.

2011ರ ಸುಮಾರಿಗೆ ಈ ಮಂಡಳಿಯ ಮುಂದಿನ ಹೊಣೆಗಳಿಗೂ ಕೈಯಲ್ಲಿದ್ದ ಹಣಕ್ಕೂ ನಡುವಿನ ಕೊರತೆ 14.2 ಶತಕೋಟಿ ಡಾಲರ್ ಆಗಿತ್ತು. ಆ ಕೊರತೆ ತುಂಬಲೆಂದು ವರ್ಷಗಟ್ಟಲೆ ಹೆಚ್ಚಿನ ದರ ಕಟ್ಟಿದವರು ನಾವು. ಕೊರತೆ ತೀರಿದ ಮೇಲೆ ದರ ಇಳಿದದ್ದು, ಹೆಚ್ಚುವರಿ ಹಣ ವಾಪಸು ಬಂದದ್ದು ಅನ್ಯಾಯವೇನಲ್ಲ. ಇನ್ನು ಡೀಮಿಂಗ್ ಪೂರ್ತಿ ಹೋದರೆ, ಹಗುರ ಕೆಲಸ ಮಾಡಬಲ್ಲವರಿಗೂ ಕೆಲಸ ಹುಡುಕುವ ಕಾರಣ ಉಳಿಯುವುದಿಲ್ಲ ಎಂಬ ಆತಂಕ ನನಗಿದೆ. ಎಲ್ಲರೂ ಹಾಗೆ ಎಂದು ಹೇಳುತ್ತಿಲ್ಲ. ಆದರೆ ಒಂದು ವ್ಯವಸ್ಥೆಯನ್ನು ಕಟ್ಟುವಾಗ ಅದನ್ನೂ ಯೋಚಿಸಬೇಕಲ್ಲವೇ?

ಹ್ಯಾಮಿಲ್ಟನ್ ವಾಸಿ

ಗುತ್ತಿಗೆದಾರರೇ, ತಾವು ಒಬ್ಬಂಟಿಯೇನಲ್ಲ, ಈ ಪ್ರಶ್ನೆಗಳನ್ನು ಅಭ್ಯರ್ಥಿಗಳೂ ನಮ್ಮ ಮುಂದಿಡುತ್ತಾರೆ. ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾದರೆ ಮನ್ನಿಸಿ.

ಯಾರು ತೆರಬೇಕು ಎಂಬ ಪ್ರಶ್ನೆಗೆ ಈ ಪ್ರಾಂತದಲ್ಲಿ ನೂರು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಅಂದಿನ ಮುಖ್ಯ ನ್ಯಾಯಮೂರ್ತಿ ಸರ್ ವಿಲಿಯಂ ಮೆರೆಡಿತ್ ಅವರು 1910ರಲ್ಲಿ ನೇಮಕಗೊಂಡು, 1913ರಲ್ಲಿ ಅಂತಿಮ ವರದಿ ಕೊಟ್ಟರು. 1914ರಲ್ಲಿ ಕಾಯ್ದೆಯಾಗಿ, 1915ರ ಜನವರಿ 1ರಂದು ಅದು ಜಾರಿಗೆ ಬಂತು. ಅದರ ತಿರುಳು ಒಂದು ಒಪ್ಪಂದ. ಕಾರ್ಮಿಕರು ತಮ್ಮ ಮಾಲೀಕರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ, ತಪ್ಪು ಯಾರದೆಂದು ನೋಡದೆ, ಗಾಯದಿಂದಾದ ಅಂಗವೈಕಲ್ಯ ಇರುವಷ್ಟು ಕಾಲ ಖಚಿತವಾದ ಪರಿಹಾರ ಸಿಗಬೇಕು, ಮಾಲೀಕರೆಲ್ಲ ಸೇರಿ ಅದರ ವೆಚ್ಚವನ್ನು ಹೊರಬೇಕು, ಆಡಳಿತವು ಸರ್ಕಾರದಿಂದ ಸ್ವತಂತ್ರವಾದ ಮಂಡಳಿಯ ಕೈಯಲ್ಲಿರಬೇಕು. ದಾವೆಯ ಭಯವಿಲ್ಲದೆ ತಾವು ಇಂದು ಕೆಲಸ ನಡೆಸುತ್ತಿರುವುದು ಆ ಒಪ್ಪಂದದ ಫಲ. ಕಾರ್ಮಿಕರು ಬಿಟ್ಟುಕೊಟ್ಟ ಹಕ್ಕು ಅವರಿಗೆ ಹಿಂದಿರುಗಿಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಮಾತ್ರ ಕಂತುಕಂತಾಗಿ ಕರಗುತ್ತ ಬಂದಿದೆ.

ಕೊರತೆಯ ವಿಷಯ. 14.2 ಶತಕೋಟಿ ನಿಜ, ಅದನ್ನು 2027ರೊಳಗೆ ತುಂಬಬೇಕೆಂದು ಗಡುವು ಇದ್ದದ್ದೂ ನಿಜ. ಆದರೆ ಅದು 2018ರಲ್ಲೇ, ಸುಮಾರು ಒಂಬತ್ತು ವರ್ಷ ಮೊದಲೇ ತುಂಬಿತು. ಅದಕ್ಕೆ ನಿಮ್ಮ ಪ್ರೀಮಿಯಂ ಒಂದು ಕಾರಣ, ಹೂಡಿಕೆಯ ಲಾಭ ಇನ್ನೊಂದು. ಮೂರನೆಯದನ್ನು ತಾವು ಬರೆಯಲಿಲ್ಲ: ಗಾಯಾಳುಗಳಿಗೆ ಕೊಡುವುದು ಕಡಿಮೆಯಾದದ್ದು. ಕೊರತೆ ತೀರಿದ ಕೂಡಲೇ ಸರಾಸರಿ ದರ ಸಂಬಳದ ಪ್ರತಿ 100 ಡಾಲರ್‌ಗೆ 2018ರಲ್ಲಿದ್ದ 2.35ರಿಂದ 2019ರಲ್ಲಿ 1.65ಕ್ಕೆ, ಮರುವರ್ಷ 1.37ಕ್ಕೆ ಇಳಿಯಿತು, 2025ರಲ್ಲಿ 1.25. 2021ರ ಕಾಯ್ದೆಯೊಂದು, ನಿಧಿಯು ಹೊಣೆಯ ಶೇ. 115ನ್ನು ಮುಟ್ಟಿದರೆ ಹೆಚ್ಚುವರಿಯನ್ನು ಮಾಲೀಕರಿಗೆ ಹಿಂದಿರುಗಿಸಬಹುದು, ಶೇ. 125ನ್ನು ಮುಟ್ಟಿದರೆ ಹಿಂದಿರುಗಿಸಲೇಬೇಕು ಎಂದು ವಿಧಿಸಿತು. ಅದರಂತೆ 2022ರಲ್ಲಿ 1.5 ಶತಕೋಟಿ ಡಾಲರ್‌ವರೆಗೆ ಹೋಯಿತು, 2025ರಲ್ಲಿ ಇನ್ನೂ 2 ಶತಕೋಟಿ ಹೋಗುತ್ತಿದೆ. ಕೊರತೆಯ ಕಾಲದಲ್ಲಿ ಇಬ್ಬರೂ ಹೊಟ್ಟೆ ಕಟ್ಟಿದರು. ಹೆಚ್ಚುವರಿಯ ಕಾಲದಲ್ಲಿ ಒಬ್ಬರಿಗೇ ಬಡಿಸಲಾಯಿತು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಇನ್ನು ಕೆಲಸ ಹುಡುಕುವ ಕಾರಣ ಉಳಿಯುವುದಿಲ್ಲ ಎಂಬುದು. ಡೀಮಿಂಗ್ ಬೇಡ ಎನ್ನುವವರು, ಗಳಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎನ್ನುತ್ತಿಲ್ಲ. ನಿಜವಾಗಿ ಗಳಿಸಿದ್ದನ್ನು ಕಳೆಯಿರಿ, ಗಳಿಸದ್ದನ್ನು ಕಳೆಯಬೇಡಿ ಎನ್ನುತ್ತಿದ್ದಾರೆ. ಸಿಕ್ಕ ತಕ್ಕ ಕೆಲಸವನ್ನು ಕಾರಣವಿಲ್ಲದೆ ನಿರಾಕರಿಸಿದವರ ವಿಷಯದಲ್ಲಿ ಬೇರೆ ನಿಯಮವಿರಲಿ, ಯಾರೂ ತಕರಾರು ಮಾಡುವುದಿಲ್ಲ. ನಯಾಗರಾ ಫಾಲ್ಸ್‌ನ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಕ್ಷ) ಶಾಸಕ ವೇಯ್ನ್ ಗೇಟ್ಸ್ ಅವರು 2019ರಲ್ಲಿ ಮಂಡಿಸಿದ ಖಾಸಗಿ ಮಸೂದೆ, ಬಿಲ್ 119, ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಅದು ಕಾಯ್ದೆಯಾಗಲಿಲ್ಲ.

ಬ್ರಾಂಪ್ಟನ್ ಟ್ರಕ್

ಶೇ. 85 ಹೆಚ್ಚೋ ಶೇ. 90 ಹೆಚ್ಚೋ ಎಂಬ ಚರ್ಚೆ ನಡೆಯುತ್ತಿರುವಾಗ ನನ್ನ ಸುತ್ತಮುತ್ತಲಿನ ಚಾಲಕರಲ್ಲಿ ಅನೇಕರಿಗೆ ಸಿಗುವುದು ಸೊನ್ನೆ ಎಂಬುದನ್ನು ನೆನಪಿಸಬೇಕಾಗಿದೆ. ನಮ್ಮಲ್ಲಿ ಡ್ರೈವರ್ ಇಂಕ್ ಎಂದು ಕರೆಯುವ ಪದ್ಧತಿ ಇದೆ. ಲಾರಿ ಕಂಪನಿಯದು, ಸರಕು ಕಂಪನಿಯದು, ಹೊರಡುವ ಹೊತ್ತು ಕಂಪನಿ ಹೇಳಿದ್ದು. ಆದರೆ ಚಾಲಕ ಮಾತ್ರ ತನ್ನದೇ ಹೆಸರಿನಲ್ಲಿ ಒಂದು ಕಂಪನಿ ತೆರೆದು ಬಿಲ್ಲು ಕೊಡಬೇಕು. ಕಾಗದದ ಮೇಲೆ ಅವನು ಕಾರ್ಮಿಕನೇ ಅಲ್ಲ. ಹೊಸದಾಗಿ ದೇಶಕ್ಕೆ ಬಂದವರು ಕೈಗೆ ಹೆಚ್ಚು ಹಣ ಬರುತ್ತದೆಂದು ಒಪ್ಪಿಕೊಳ್ಳುತ್ತಾರೆ, ಗಾಯವಾದ ದಿನವೇ ಅವರಿಗೆ ಅದರ ಅರ್ಥ ತಿಳಿಯುವುದು.

ಇದಕ್ಕೆ ಅಭ್ಯರ್ಥಿಗಳು ಏನು ಹೇಳುತ್ತಾರೆ ಎಂಬುದು ನನಗೆ ಡೀಮಿಂಗ್‌ಗಿಂತ ಮುಖ್ಯ.

ಹ್ಯಾಮಿಲ್ಟನ್ ವಾಸಿ

ಒಪ್ಪುತ್ತೇನೆ, ಇದು ಬೇರೆಯದೇ ಪ್ರಶ್ನೆಯಾಗಿ ಕೇಳಬೇಕಾದದ್ದು. ಒಂದು ಮಾತು ಸೇರಿಸುತ್ತೇನೆ: ಕಾಗದದಲ್ಲಿ ಏನು ಬರೆದಿದೆ ಎಂಬುದೇ ಕೊನೆಯ ಮಾತಲ್ಲ. ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಉಪಕರಣ ಯಾರದು, ನಿಯಂತ್ರಣ ಯಾರದು ಎಂಬುದನ್ನು ನೋಡಿ ಮಂಡಳಿಯೇ ಆತ ಕಾರ್ಮಿಕನೋ ಸ್ವತಂತ್ರನೋ ಎಂದು ನಿರ್ಧರಿಸಬಹುದು. ಆದ್ದರಿಂದ ಗಾಯಗೊಂಡ ಚಾಲಕರು ತಮಗೆ ಹಕ್ಕಿಲ್ಲವೆಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ಆರು ತಿಂಗಳೊಳಗೆ ಕ್ಲೇಮ್ ಸಲ್ಲಿಸಿಬಿಡಬೇಕು. ವಿಮೆಯ ವ್ಯಾಪ್ತಿಯ ಹೊರಗೆ ಇನ್ನೂ ಅನೇಕರಿದ್ದಾರೆ. ಬ್ಯಾಂಕು ಮತ್ತು ಖಾಸಗಿ ವಿಮಾ ಕಂಪನಿಗಳಿಗೂ ಇದು ಕಡ್ಡಾಯವಿಲ್ಲ ಎಂದರೆ ಹಲವರು ನಂಬುವುದಿಲ್ಲ.

ಫಿಸಿಯೊ ಓದುಗರು

ನಾನು ಫಿಸಿಯೊಥೆರಪಿ ವೃತ್ತಿಯಲ್ಲಿರುವವಳು. ಎರಡನೆಯ ಮತ್ತು ಮೂರನೆಯ ಬೇಡಿಕೆಗಳ ಬಗ್ಗೆ ಇಲ್ಲಿ ಯಾರೂ ಹೆಚ್ಚು ಬರೆಯದಿರುವುದರಿಂದ ನನ್ನ ಕೆಲಸದ ಕಡೆಯಿಂದ ಕೆಲವು ಮಾತು ಹೇಳಬಯಸುತ್ತೇನೆ.

ಮೊದಲಿನಿಂದ ಇದ್ದ ದೇಹಸ್ಥಿತಿ ಎಂಬುದು ಕೇಳಲು ಬಹಳ ವೈಜ್ಞಾನಿಕವಾಗಿ ಕಾಣುವ ಕಾರಣ. ಭಾರ ಎತ್ತುವಾಗ ಬೆನ್ನು ಹಿಡಿದವರ ಎಂಆರ್‌ಐ ತೆಗೆದರೆ ಬೆನ್ನುಮೂಳೆಯ ಡಿಸ್ಕ್ ಸವೆದಿರುವುದು ಕಾಣುತ್ತದೆ. ಆಗ, ಗಾಯ ಇಷ್ಟರಲ್ಲಿ ಮಾಗಿರಬೇಕು, ಉಳಿದ ನೋವು ಸವೆತದ್ದು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಜನರಿಗೆ, 80ರ ವಯಸ್ಸಿನವರಲ್ಲಿ ಶೇ. 96ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡುಬಂದಿತ್ತು. ಅಂದರೆ ಸವೆತವು ನರೆಗೂದಲಿನಂತೆ ವಯಸ್ಸಿನ ಗುರುತು. ಅದು ಇದ್ದ ಮಾತ್ರಕ್ಕೆ ಇಂದಿನ ನೋವಿಗೆ ಅದೇ ಕಾರಣವೆಂದು ಹೇಳಲಾಗದು. ನಿನ್ನೆಯವರೆಗೆ ಪೂರ್ತಿ ಪಾಳಿ ದುಡಿದ ವ್ಯಕ್ತಿ ಇಂದು ಬಗ್ಗಲಾರದಿದ್ದರೆ, ನಡುವೆ ನಡೆದದ್ದು ಏನು ಎಂಬುದನ್ನೇ ಮೊದಲು ಕೇಳಬೇಕು.

ಚಿಕಿತ್ಸೆ ಕೊಡುವವರ ಮಾತಿನ ಬಗ್ಗೆ ಹೇಳುವುದಾದರೆ, ನಾವು ಹೇಳಿದ್ದೆಲ್ಲ ಪ್ರಶ್ನಾತೀತವಾಗಿರಬೇಕು ಎಂದು ನನ್ನ ವಾದವಲ್ಲ. ಎರಡನೆಯ ಅಭಿಪ್ರಾಯ ಬೇಕಾಗುತ್ತದೆ. ಆದರೆ ರೋಗಿಯನ್ನು ತಿಂಗಳುಗಟ್ಟಲೆ ಮುಟ್ಟಿ ನೋಡಿದವರ ಅಭಿಪ್ರಾಯಕ್ಕೂ, ಅವರನ್ನು ಕಾಣದೆ ಕಡತವನ್ನು ಮಾತ್ರ ಓದಿದ ವೈದ್ಯರ ಅಭಿಪ್ರಾಯಕ್ಕೂ ಭಿನ್ನತೆ ಬಂದಾಗ, ಯಾವುದಕ್ಕೆ ಹೆಚ್ಚು ತೂಕ ಎಂಬುದಕ್ಕೆ ಸ್ಪಷ್ಟವಾದ ನಿಯಮ ಬೇಡವೇ? ಅಭ್ಯರ್ಥಿಗಳ ಮುಂದೆ ಈ ಪ್ರಶ್ನೆ ಇಟ್ಟರೆ, ಇದು ವೈದ್ಯಕೀಯ ವಿಷಯ, ನಾವು ಕೈಹಾಕುವುದಿಲ್ಲ ಎಂದು ಜಾರಿಕೊಳ್ಳುವ ಸಾಧ್ಯತೆ ಹೆಚ್ಚು. ಸಾಕ್ಷ್ಯಕ್ಕೆ ತೂಕ ನಿಗದಿ ಮಾಡುವುದು ವೈದ್ಯಕೀಯ ವಿಷಯವಲ್ಲ, ಶಾಸನದ ವಿಷಯ.

ಹಳೆಯ ಸದಸ್ಯ

ಹೊಸಬರಿಗೆ ಒಂದು ಎಚ್ಚರಿಕೆ. ಈ ಚರ್ಚೆ ಒಂದು ಪಕ್ಷದ ಪರ ಅಥವಾ ವಿರುದ್ಧವಾಗಿ ತಿರುಗುವ ಮೊದಲು ಇತಿಹಾಸವನ್ನು ನೋಡಬೇಕು, ಏಕೆಂದರೆ ಇದರಲ್ಲಿ ಮೂರು ದೊಡ್ಡ ಪಕ್ಷಗಳ ಕೈಯೂ ಇದೆ.

1974ರಲ್ಲಿ ಟೊರೊಂಟೊದಲ್ಲಿ ಗಾಯಾಳು ಕಾರ್ಮಿಕರು ತಮ್ಮದೇ ಸಂಘ ಕಟ್ಟಿಕೊಂಡರು. ಅವರಲ್ಲಿ ಬಹುಪಾಲು ಜನ ಕಟ್ಟಡ ಕೆಲಸಕ್ಕೆಂದು ಇಟಲಿಯಿಂದ ವಲಸೆ ಬಂದವರು. 1983ರ ಜೂನ್ 1ರಂದು, ಆಜೀವ ಪಿಂಚಣಿಯನ್ನು ತೆಗೆಯುವ ಪ್ರಸ್ತಾವದ ಬಗ್ಗೆ ಶಾಸನಸಭೆಯ ಸಮಿತಿ ಅಹವಾಲು ಕೇಳುತ್ತಿದ್ದಾಗ ಸುಮಾರು 3,000 ಗಾಯಾಳುಗಳು ಶಾಸನಸಭೆ ಇರುವ ಕ್ವೀನ್ಸ್ ಪಾರ್ಕ್‌ಗೆ ಬಂದರು. ಸಮಿತಿಯು ಕೊಠಡಿಯನ್ನು ಬಿಟ್ಟು ಹೊರಗೆ ಮೆಟ್ಟಿಲುಗಳ ಮೇಲೆ ಬಂದು ಅವರ ಮಾತು ಕೇಳಬೇಕಾಯಿತು. ಅಂದಿನಿಂದ ಜೂನ್ 1 ಗಾಯಾಳು ಕಾರ್ಮಿಕರ ದಿನ. 1985ರಲ್ಲಿ ಪರಿಹಾರವು ಬೆಲೆಯೇರಿಕೆಗೆ ಪೂರ್ತಿಯಾಗಿ ಹೊಂದಿಕೊಳ್ಳುವಂತಾಯಿತು. ಅದು ಸಂಘಟನೆಯ ಗೆಲುವು.

ನಂತರದ ಕಥೆ ಹೀಗಿದೆ. ಆಜೀವ ಪಿಂಚಣಿಯನ್ನು 1990ರಿಂದಾದ ಗಾಯಗಳಿಗೆ ಇಲ್ಲವಾಗಿಸಿದ್ದು ಲಿಬರಲ್ ಸರ್ಕಾರದ ಬಿಲ್ 162. ಬೆಲೆಯೇರಿಕೆಯ ಪೂರ್ಣ ಹೊಂದಾಣಿಕೆಯನ್ನು 1990ರ ದಶಕದ ನಡುವಿನಲ್ಲಿ ಕಡಿತ ಮಾಡಿದ್ದು ಬಾಬ್ ರೇ ಅವರ ಎನ್‌ಡಿಪಿ ಸರ್ಕಾರದ ಬಿಲ್ 165. ಶೇ. 90ನ್ನು 85ಕ್ಕೆ ಇಳಿಸಿದ್ದು ಮೈಕ್ ಹ್ಯಾರಿಸ್ ಅವರ ಕನ್ಸರ್ವೇಟಿವ್ ಸರ್ಕಾರದ ಬಿಲ್ 99. 2007ರಲ್ಲಿ ಲಿಬರಲ್ ಸರ್ಕಾರವು ಕಾಯ್ದೆಗೆ ತಿದ್ದುಪಡಿ ತಂದು, ಗಾಯಾಳುವಿಗೆ ಎಣಿಸುವ ಕೆಲಸವು ಅವರಿಗೆ ತಕ್ಕದ್ದಷ್ಟೇ ಅಲ್ಲ, ಲಭ್ಯವೂ ಆಗಿರಬೇಕು ಎಂದು ಸೇರಿಸಿತು. ಡೀಮಿಂಗ್ ಇನ್ನು ಮುಗಿಯಿತು ಎಂದು ಹಲವರು ಭಾವಿಸಿದರು. ಆದರೆ ಲಭ್ಯ ಎಂದರೆ ಈ ವ್ಯಕ್ತಿಗೆ ನಿಜವಾಗಿ ಸಿಗುವ ಕೆಲಸ ಎಂದಲ್ಲ, ಪ್ರಾಂತದ ಮಾರುಕಟ್ಟೆಯಲ್ಲಿ ಅಂತಹ ಕೆಲಸಗಳು ಒಟ್ಟಾರೆ ಇವೆ ಎಂದಷ್ಟೇ ಎಂಬಂತೆ ಆಚರಣೆ ನಡೆಯಿತು ಎಂಬುದು ಗಾಯಾಳುಗಳ ಸಂಘಗಳ ದೂರು. ಅದೇ ಲಿಬರಲ್ ಪಕ್ಷವು 2018ರ ಜನವರಿಯಿಂದ ಬೆಲೆಯೇರಿಕೆಯ ಪೂರ್ಣ ಹೊಂದಾಣಿಕೆಯನ್ನು ಮರಳಿ ಕೊಟ್ಟಿತು ಎಂಬುದನ್ನೂ ಹೇಳಬೇಕು.

ಹಾಗಾಗಿ ಡೀಮಿಂಗ್ ನಿಲ್ಲಿಸುತ್ತೀರಾ ಎಂದು ಕೇಳಬೇಡಿ. ಹೌದು ಎಂದು ಹೇಳಿ, ಹಿಂದಿನಂತೆ ಕಾಯ್ದೆಯಲ್ಲಿ ಒಂದು ಮಾತು ತಿದ್ದಿ, ಆಚರಣೆಯನ್ನು ಹಾಗೆಯೇ ಬಿಡುವುದು ಅವರಿಗೆ ಸುಲಭ. ಪ್ರಶ್ನೆ ಹೀಗಿರಲಿ: ಗಾಯಾಳುವಿನ ಕೈಗೆ ನಿಜವಾಗಿ ಬಾರದ ಸಂಬಳವನ್ನು ಅವರ ಪರಿಹಾರದಿಂದ ಕಳೆಯುವುದನ್ನು ನಿಷೇಧಿಸುವ ಮಸೂದೆಗೆ ನೀವು ಮತ ಹಾಕುತ್ತೀರಾ, ಇಲ್ಲವೇ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿ.

ಸಣ್ಣ ಗುತ್ತಿಗೆದಾರ

ಹಳೆಯ ಸದಸ್ಯರು ಬರೆದ ಪ್ರಶ್ನೆ ನ್ಯಾಯವಾದದ್ದೆಂದು ನನಗೂ ಅನ್ನಿಸುತ್ತದೆ, ಅದಕ್ಕೆ ನನ್ನ ಅಭ್ಯಂತರವಿಲ್ಲ. ರಿಬೇಟಿನ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ. ಕೊರತೆಯ ಕಾಲದಲ್ಲಿ ಕಟ್ಟಿದವರಿಗೆ ಹೆಚ್ಚುವರಿಯಲ್ಲಿ ಪಾಲಿದೆ. ಎಲ್ಲವೂ ಅವರಿಗೇ ಹೋಗಬೇಕೇ ಎಂಬುದು ಬೇರೆ ಮಾತು.

ಮಾಲೀಕರ ಕಡೆಯಿಂದ ಒಂದು ಸಂಗತಿಯನ್ನು ನಾನೇ ಹೇಳುತ್ತೇನೆ. ಹಿಂದೆ ನಾನು ಕೂಲಿಯವನಾಗಿದ್ದಾಗ, ಬೆರಳು ಜಜ್ಜಿಕೊಂಡ ದಿನ, ಅಂದಿನ ಮಾಲೀಕರು ಕ್ಲೇಮ್ ಹಾಕಬೇಡ, ಮನೆಯಲ್ಲಿ ಆದದ್ದೆಂದು ಹೇಳು, ಸಂಬಳ ನಾನೇ ಕೊಡುತ್ತೇನೆ ಎಂದಿದ್ದರು. ಕ್ಲೇಮುಗಳು ಹೆಚ್ಚಾದರೆ ದರ ಏರುತ್ತದೆ ಎಂಬುದೇ ಕಾರಣ. ಇವತ್ತಿಗೂ ಹಾಗೆ ಹೇಳುವವರಿದ್ದಾರೆ, ಮತ್ತು ನಿಯಮದಂತೆ ನಡೆಯುವ ನಮ್ಮಂಥವರು ಅವರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಬೇಕು. ಇದನ್ನು ತಡೆಯಲು ಪಕ್ಷಗಳು ಏನು ಮಾಡುತ್ತವೆ ಎಂದು ನಾನೂ ಕೇಳುತ್ತೇನೆ.

ಲೆಕ್ಕದ ಪುಸ್ತಕ

ಗುತ್ತಿಗೆದಾರರು ಹೇಳಿದ ನಡವಳಿಕೆ 2015ರ ತಿದ್ದುಪಡಿಯ ನಂತರ ಸ್ಪಷ್ಟವಾಗಿ ಅಪರಾಧ. ಕಂಪನಿಗಳಿಗೆ ವಿಧಿಸಬಹುದಾದ ಗರಿಷ್ಠ ದಂಡವನ್ನು ಆಗ ಒಂದು ಲಕ್ಷ ಡಾಲರ್‌ನಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಕಾಯ್ದೆ ಇದೆ, ತನಿಖೆಗೆ ಎಷ್ಟು ಜನರನ್ನು ನೇಮಿಸುತ್ತೀರಿ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಇನ್ನೊಂದು ವಿಷಯ, ಸಂಘದ ಹೆಸರಿನಲ್ಲಿ ಜಾಹೀರಾತು ಕೊಡುವ ಯೋಚನೆ ಯಾರಿಗಾದರೂ ಇದ್ದರೆ. ಚುನಾವಣಾ ಅವಧಿಯಲ್ಲಿ ರಾಜಕೀಯ ಜಾಹೀರಾತಿಗೆ 500 ಡಾಲರ್ ಅಥವಾ ಹೆಚ್ಚು ಖರ್ಚು ಮಾಡುವ ಯಾವುದೇ ಹೊರಗಿನ ಗುಂಪು ಎಲೆಕ್ಷನ್ಸ್ ಒಂಟಾರಿಯೊದಲ್ಲಿ ನೋಂದಾಯಿಸಿಕೊಳ್ಳಬೇಕು. ಅಭ್ಯರ್ಥಿಗೆ ಪತ್ರ ಬರೆಯುವುದಕ್ಕೆ, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವುದಕ್ಕೆ ಇದು ಅನ್ವಯಿಸುವುದಿಲ್ಲ.

ಲೀಮಿಂಗ್ಟನ್ ಓದುಗ

ನಾನು ಕಾಯಂ ನಿವಾಸಿ, ಇನ್ನೂ ಪೌರತ್ವ ಬಂದಿಲ್ಲ, ಆದ್ದರಿಂದ ಮತವಿಲ್ಲ. ನಮ್ಮ ಊರಿನ ಗಾಜಿನ ಮನೆ ತೋಟಗಳಲ್ಲಿ ಪ್ರತಿ ವರ್ಷ ಮೆಕ್ಸಿಕೊದಿಂದ, ಜಮೈಕಾದಿಂದ ಬಂದು ದುಡಿಯುವವರಿಗೂ ಮತವಿಲ್ಲ. ಅವರು ಗಾಯಗೊಂಡರೆ ಊರಿಗೆ ಮರಳಿ ಹೋಗುತ್ತಾರೆ. ಅಲ್ಲಿಂದ ಅವರ ಧ್ವನಿ ಇಲ್ಲಿಗೆ ಕೇಳಿಸುವುದಿಲ್ಲ. ಮತವಿಲ್ಲದವರ ಪ್ರಶ್ನೆಯನ್ನು ಅಭ್ಯರ್ಥಿಗಳು ಏಕೆ ಕೇಳಿಸಿಕೊಳ್ಳುತ್ತಾರೆ ಎಂಬ ಸಂಶಯ ನನ್ನದು.

ಹಳೆಯ ಸದಸ್ಯ

ತಮ್ಮ ಸಂಶಯಕ್ಕೆ ಕಾರಣವಿದೆ. ಆದರೂ ಡೀಮಿಂಗ್ ವಿರುದ್ಧ ಬಂದ ಅತ್ಯಂತ ಗಟ್ಟಿಯಾದ ತೀರ್ಪುಗಳಲ್ಲೊಂದು ತಾವು ಹೇಳಿದ ಆ ಕಾರ್ಮಿಕರಿಂದಲೇ ಬಂದದ್ದು. ಜಮೈಕಾದಿಂದ ಬಂದು ಇಲ್ಲಿನ ತೋಟಗಳಲ್ಲಿ ಗಾಯಗೊಂಡ ಕಾರ್ಮಿಕರು, ತಾವು ಬರಲಾಗದ ಒಂಟಾರಿಯೊದ ಮಾರುಕಟ್ಟೆಯಲ್ಲಿ ತಮಗೆ ಕೆಲಸವಿದೆಯೆಂದು ಎಣಿಸಿದ್ದನ್ನು ಪ್ರಶ್ನಿಸಿ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. ಅವರು ಬದುಕುತ್ತಿರುವ ಊರಿನಲ್ಲಿ ಅವರಿಗೆ ಏನು ಕೆಲಸ ಸಿಗುತ್ತದೆ ಎಂಬುದನ್ನು ನೋಡಬೇಕು ಎಂದು ನ್ಯಾಯಮಂಡಳಿಯು 2023ರಲ್ಲಿ ತೀರ್ಪು ಕೊಟ್ಟಿತು. ಮತವಿಲ್ಲದವರ ಆ ವಾದವನ್ನು ಇಂದು ಮತವಿರುವವರು ಅಭ್ಯರ್ಥಿಗಳ ಮುಂದೆ ಬಳಸಬಹುದು: ಜಮೈಕಾದ ಕಾರ್ಮಿಕರಿಗೆ ಅವರ ಊರಿನ ವಾಸ್ತವವನ್ನು ನೋಡಬೇಕೆಂದಾದರೆ, ಉತ್ತರ ಒಂಟಾರಿಯೊದ ಸಣ್ಣ ಪಟ್ಟಣದ ಗಾಯಾಳುವಿಗೆ ಟೊರೊಂಟೊದಲ್ಲಿರುವ ಕೆಲಸವನ್ನು ಏಕೆ ಎಣಿಸಬೇಕು?

ಮತವಿಲ್ಲದವರೂ ಸಹಾಯ ಕೇಳಬಹುದಾದ ಇನ್ನೊಂದು ಜಾಗ ಶಾಸಕರ ಕ್ಷೇತ್ರ ಕಚೇರಿ. ಅಲ್ಲಿ ಪೌರತ್ವ ಕೇಳುವುದಿಲ್ಲ, ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಅಲ್ಲಿಗೆ ಬರುವ ಅಹವಾಲುಗಳಲ್ಲಿ ಪರಿಹಾರ ಮಂಡಳಿಯ ಕಡತಗಳು ಮಾಮೂಲು. ಕಡತದ ಬಗ್ಗೆ ವಿಚಾರಿಸಲು ನಿಮ್ಮ ಸಹಿಯುಳ್ಳ ಒಪ್ಪಿಗೆ ಪತ್ರ ಬೇಕಾಗುತ್ತದೆ, ಜೊತೆಗೆ ಕ್ಲೇಮ್ ಸಂಖ್ಯೆ ಮತ್ತು ಕೊನೆಯ ತೀರ್ಮಾನದ ಪತ್ರದ ಪ್ರತಿ ಇರಲಿ. ಆದರೆ ಶಾಸಕರ ಕಚೇರಿಗೆ ಹೋದದ್ದರಿಂದ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ. ಕೆಲಸಕ್ಕೆ ಮರಳುವ ಕುರಿತ ತೀರ್ಮಾನವಾದರೆ 30 ದಿನ, ಉಳಿದವುಗಳಿಗೆ ಆರು ತಿಂಗಳು. ಅಷ್ಟರೊಳಗೆ ಆಕ್ಷೇಪಣೆ ಸಲ್ಲಿಸಿರಬೇಕು. ಕಾರ್ಮಿಕ ಸಂಘದ ಸದಸ್ಯರಲ್ಲದವರಿಗೆ ಆಫೀಸ್ ಆಫ್ ದಿ ವರ್ಕರ್ ಅಡ್ವೈಸರ್ ಉಚಿತವಾಗಿ ಸಹಾಯ ಮಾಡುತ್ತದೆ, ಅದು ಸರ್ಕಾರದ್ದೇ. ಟೊರೊಂಟೊದಲ್ಲಿ ಗಾಯಾಳು ಕಾರ್ಮಿಕರಿಗೆಂದೇ ಇರುವ ಕಾನೂನು ನೆರವಿನ ಕ್ಲಿನಿಕ್‌ಗಳೂ ಇವೆ.

ಹ್ಯಾಮಿಲ್ಟನ್ ವಾಸಿ

ಹಳೆಯ ಸದಸ್ಯರು ಬರೆದ ಒಂದು ವಾಕ್ಯದ ಪ್ರಶ್ನೆಯನ್ನೇ ಮೊದಲನೆಯದಾಗಿ ಇಟ್ಟು, ಟ್ರಕ್ ಚಾಲಕರ ವ್ಯಾಪ್ತಿಯ ಪ್ರಶ್ನೆಯನ್ನು ಎರಡನೆಯದಾಗಿ, ಫಿಸಿಯೊ ಓದುಗರು ಹೇಳಿದ ಸಾಕ್ಷ್ಯದ ತೂಕದ ಪ್ರಶ್ನೆಯನ್ನು ಮೂರನೆಯದಾಗಿ ಇಟ್ಟು ಇಂದು ರಾತ್ರಿ ಇಂಗ್ಲಿಷಿನಲ್ಲಿ ಪತ್ರ ಸಿದ್ಧಪಡಿಸುತ್ತೇನೆ. 2022ರ ಶೇ. 90ರ ಭರವಸೆ ಏನಾಯಿತು ಎಂಬುದು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಇರುತ್ತದೆ. ಲೆಕ್ಕದ ಪುಸ್ತಕದವರು ಆ ವೆಲ್ಡರ್‌ನ ಲೆಕ್ಕವನ್ನು ನಿವ್ವಳ ಸಂಬಳದ ಮೇಲೆ ಮತ್ತೊಮ್ಮೆ ಮಾಡಿಕೊಟ್ಟರೆ ಅದನ್ನೂ ಪತ್ರದ ಜೊತೆಗೆ ಸೇರಿಸಬಹುದು. ತಮ್ಮ ಕ್ಷೇತ್ರದಲ್ಲಿ ಅಭ್ಯರ್ಥಿಗಳ ಸಾರ್ವಜನಿಕ ಸಭೆ ಎಂದು, ಎಲ್ಲಿ ಎಂದು ಗೊತ್ತಿರುವವರು ಇಲ್ಲೇ ಕೆಳಗೆ ಬರೆಯಿರಿ. ಕೆಲವು ಕಡೆ ಅಭ್ಯರ್ಥಿಗಳೇ ಬರುವುದಿಲ್ಲ, ಅಂಥ ಕ್ಷೇತ್ರಗಳಿಗೆ ಪತ್ರವನ್ನು ಪ್ರಚಾರ ಕಚೇರಿಗೆ ಕೈಯಾರೆ ಕೊಟ್ಟು ಸ್ವೀಕೃತಿ ಪಡೆಯೋಣ. ಬಂದ ಉತ್ತರಗಳನ್ನು, ಬಾರದಿದ್ದರೆ ಅದನ್ನೂ, ಪಕ್ಷಭೇದವಿಲ್ಲದೆ ಇದೇ ಚರ್ಚೆಯಲ್ಲಿ ಫೆಬ್ರುವರಿ 25ರೊಳಗೆ ಹಾಕಬೇಕೆಂದು ವಿನಂತಿ.